ಗೇಣುದ್ದದ ಪಾನಾ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಗೆ ನಾನು ಬಟ್ಟೆ ಕಟ್ಟಿದರೆ ಅದನ್ನು ಬಿಚ್ಚಲು ಮತ್ತೆ ನಾನೇ ಬರಬೇಕು. ಎಷ್ಟೋ ಸಲ ನನಗೂ ಬಿಚ್ಚಲು ಬರುವುದಿಲ್ಲ. ಈಳಿಗೆ ತಂದು ದಾರವನ್ನು ಕೊಯ್ಯುತ್ತೇನೆ. ನಾನು ಜಡೆ ಹೆಣೆದರೆ ಓಣಿಯ ಹುಡುಗಿಯರ ಹುಬ್ಬು ಮೇಲಕ್ಕೇರಿ, ಅವರು ಸಂಜೆಯ ತನಕ ಏನನ್ನೋ ಕಂಡು ಬೆರಗಾದವರ ಹಾಗೆ ಓಡಾಡುತ್ತಾರೆ. ಬಿಗಿ ಮಾಡುವುದು ನನ್ನ ಚಟ. ತಂಬಾಕಿನ ಚಟದವರನ್ನು ಜನ ಬೈಯುತ್ತಾರೆ, ನನ್ನದಕ್ಕೆ ಮಾತ್ರ ಅಚ್ಚುಕಟ್ಟು ಎಂದು ಹೆಸರಿಟ್ಟು ಹೊಗಳುತ್ತಾರೆ. ಹೊಗಳಿಕೆ ಸಿಗುವ ಚಟವನ್ನು ಬಿಡುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ಇದರ ಮೂಲ ನಮ್ಮ ಅವ್ವ. ಜೋಳ ಅಳೆದು ಕೊಡುವಾಗ ಸೇರು ತುಂಬಿದ ಮೇಲೆ ಅವಳು ಒಂದು ಹಿಡಿ ಮೇಲೆ ಹಾಕಿ "ಇದು ದೇವರದೊಂದು" ಅನ್ನುತ್ತಿದ್ದಳು. ಬರಬರುತ್ತಾ ಆ ಮಾತು ಜೋಳ ಬಿಟ್ಟು ಎಲ್ಲದಕ್ಕೂ ಹಬ್ಬಿತು. ಹಗ್ಗದ ಹೊರಸನ್ನು ಬಿಗಿದರೆ ಕೊನೆಗೆ ದೇವರದೊಂದು ಎಳೆತ. ಬುತ್ತಿ ಗಂಟು ಕಟ್ಟಿದರೆ ದೇವರದೊಂದು. ಜೋಳದಲ್ಲಿ ಅದು ದಾನ. ಹಗ್ಗದಲ್ಲಿ ಅದು ಏನು ಎಂದು ಅವ್ವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ನಾನು ಓದಿದ್ದೂ ಅಷ್ಟಕ್ಕಷ್ಟೆ. ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರ ಕೂಡಿ ಬಂತು ಅನ್ನುವಷ್ಟರಲ್ಲಿ ಮದುವೆಯಾಯಿತು. ಗಂಡ ಜ್ವರದಲ್ಲಿ ಹೋದ ಮೇಲೆ ಕಲಬುರಗಿಯ ಬ್ರಹ್ಮಪುರದ ಈ ಮನೆಗೆ, ತಮ್ಮ ಚನ್ನವೀರನ ಹತ್ತಿರ ಬಂದೆ. ನನಗೆ ಉಳಿದವನು ಅವನೊಬ್ಬ. ಅವನಿಗೆ ಉಳಿದದ್ದು ನಾನು ಮತ್ತು ಒಂದು ಮೋಟಾರು.

ಮೋಟಾರು ಒಬ್ಬ ಜಹಗೀರದಾರರದು. ಅವರು ಹೊಸದು ತರಿಸಿ ಹಳೆಯದನ್ನು ಇವನಿಗೆ ದಾಟಿಸಿದರು. ದೀಪ ಬಂದವು, ಹಾರ್ನು ಬಂತು, ಸೀಟಿನ ಮೇಲೆ ಯಾರೋ ನವಾಬರು ಉಗುಳಿದ ಪಾನಿನ ಕಲೆಯೂ ಬಂತು. ಆದರೆ ನಟ್ಟು ಬಿಚ್ಚುವ ಪಾನಾ ಮಾತ್ರ ಬರಲಿಲ್ಲ. ಚನ್ನವೀರ ರೈಲು ಹಳಿಯ ಕೆಲಸದವರಿಂದ ಒಂದು ಹಳೆಯ ಪಾನಾ ತಂದ. ಅದು ಮೊಳಕ್ಕಿಂತ ಉದ್ದ, ಎತ್ತಿದರೆ ತೋಳು ಜಗ್ಗುವಷ್ಟು ಭಾರ. ಹಳಿಯನ್ನು ಹಿಡಿದಿಡಲು ಮಾಡಿದ ಪಾನಾದಿಂದ ನಾವು ನಾಲ್ಕು ಗಾಲಿ ಹಿಡಿದಿಡಲು ಹೊರಟೆವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯವರು ಹುಟ್ಟಿದಾಗಿನಿಂದ ನೋಡಿದ್ದು ಎತ್ತಿನ ಬಂಡಿ. ಬಂಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿಯೇ ಇರಬೇಕು. ಎಣ್ಣೆ ಹಾಕಿ ಬಿಟ್ಟರೆ ಅದು ಕಿರ್ರೆನ್ನುತ್ತ, ಓಲಾಡುತ್ತ, ಸುಖವಾಗಿ ಹೋಗುತ್ತದೆ. ಬಂಡಿಯಲ್ಲಿ ಬಿಗಿ ಬೇಕಾದ ಕಡೆ ಕೊಡತಿಯಿಂದ ಬಡಿಯುತ್ತಾರೆ. ಅಲ್ಲಿ ಸಾಕು ಅನ್ನುವ ಮಾತೇ ಇಲ್ಲ, ಕಟ್ಟಿಗೆಯೇ ಇನ್ನು ಒಳಗೆ ಬಿಡುವುದಿಲ್ಲ ಅನ್ನುವ ತನಕ ಬಡಿಯುವುದು. ಮೋಟಾರಿನ ನಟ್ಟು ಹಾಗಲ್ಲವಂತೆ. ಅದು ಸಾಕು ಅನ್ನುವುದಿಲ್ಲ. ಎಳೆದಷ್ಟೂ ಸ್ವಲ್ಪ ಸ್ವಲ್ಪ ತಿರುಗುತ್ತಲೇ ಇರುತ್ತದೆ, ಒಳಗೆ ಬೋಲ್ಟು ಜಗ್ಗಿ ಜಗ್ಗಿ ಸಣ್ಣದಾಗುತ್ತಿರುತ್ತದೆ. ಮೇಲಿಂದ ನೋಡಿದರೆ ಬಹಳ ಭದ್ರವಾಗಿದೆ ಅನ್ನಿಸುತ್ತದೆ. ಮನೆಯಲ್ಲಿ ತೀರಾ ತಾಳ್ಮೆಯವರು ಇರುತ್ತಾರಲ್ಲ, ಅವರ ಹಾಗೆ.

ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದೆನೋ ಇಲ್ಲವೋ. ಚನ್ನವೀರ ಬೆಳಿಗ್ಗೆ ಗಾಲಿಯ ನಟ್ಟುಗಳನ್ನು ನೋಡಿ, ಬಿಗಿ ಮಾಡಿ, ಸ್ನಾನಕ್ಕೆ ಹೋಗುತ್ತಿದ್ದ. ಆಮೇಲೆ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚುತ್ತಿದ್ದ. ಅವನು ಕಣ್ಣು ಮುಚ್ಚಿದ ಕೂಡಲೇ ನಾನು ಬೇವಿನ ಗಿಡದ ಕೆಳಗೆ ನಿಂತ ಮೋಟಾರಿನ ಹತ್ತಿರ ಹೋಗಿ, ಆ ಹಳಿಯ ಪಾನಾ ಎತ್ತಿ, ಒಂದೊಂದು ನಟ್ಟಿಗೂ ದೇವರದೊಂದು ಎಳೆತ ಕೊಡುತ್ತಿದ್ದೆ. ಅಷ್ಟು ಉದ್ದದ ಪಾನಾದ ತುದಿ ಹಿಡಿದು ಮೈಭಾರ ಬಿಟ್ಟರೆ ಬಡಕಲು ಹೆಂಗಸೂ ಪೈಲ್ವಾನಳಾಗುತ್ತಾಳೆ. ಒಳಗೆ ಅವನು ದೇವರ ಮೇಲೆ ಭಾರ ಹಾಕುತ್ತಿದ್ದ, ಹೊರಗೆ ನಾನು ಪಾನಾದ ಮೇಲೆ.

ಜೋಳದ ರೊಟ್ಟಿ ಬಡಿಯುವಾಗ ಇದೇ ಕೈಗೆ ಎಷ್ಟು ಅಳತೆ ಗೊತ್ತು. ಅಂಚು ಸೀಳುವುದಿಲ್ಲ, ನಡು ದಪ್ಪವಾಗುವುದಿಲ್ಲ. ಹಾಗಿದ್ದರೆ ನಟ್ಟಿನ ಹತ್ತಿರ ಆ ಅಳತೆ ಎಲ್ಲಿ ಹೋಯಿತು ಎಂದು ಈಗ ಕೇಳಿಕೊಳ್ಳುತ್ತೇನೆ. ರೊಟ್ಟಿ ಬಡಿಯುವಾಗ ನನಗೆ ಹೆದರಿಕೆ ಇರುವುದಿಲ್ಲ, ಅಷ್ಟೇ ಕಾರಣ. ರೊಟ್ಟಿ ಹೊರಗೆ ಹೋಗಿ ತಿರುಗಿ ಬರದೇ ಇರುವಂಥದ್ದಲ್ಲ.

ಚನ್ನವೀರನಿಗೆ ಕಮಲಾಪುರದ ಬಾಳೆಹಣ್ಣಿನ ಸಾಹುಕಾರ ಭೀಮಶಾ ಒಂದು ಕೆಲಸ ಒಪ್ಪಿಸಿದ್ದರು. ಅಲ್ಲಿಯ ಕೆಂಪು ಬಾಳೆಯ ಗೊನೆಗಳನ್ನು ಮೋಟಾರಿನಲ್ಲಿ ತಂದು ಕಲಬುರಗಿ ಸ್ಟೇಶನ್ನಿನಲ್ಲಿ ರೈಲಿಗೆ ಮುಟ್ಟಿಸುವುದು. ಒಂದು ದಿನ ಬರುವ ದಾರಿಯಲ್ಲಿ ಟಯರು ಒಡೆಯಿತು. ಗಾಲಿ ಬದಲಿಸಲು ಇಳಿದರೆ ನಟ್ಟು ಅಲುಗಲಿಲ್ಲ. ಇವನು ಪಾನಾದ ಮೇಲೆ ಹತ್ತಿ ನಿಂತ. ಒಂದು ಬೋಲ್ಟು ಮುರಿಯಿತು, ಆಮೇಲೆ ಇನ್ನೊಂದು. ಗೊನೆಗಳು ಬಿಸಿಲಲ್ಲಿ ಕಪ್ಪಾದವು, ರೈಲು ಹೋಯಿತು. ಭೀಮಶಾ ಕುದುರೆ ಟಾಂಗಾದಲ್ಲಿ ಅಲ್ಲಿಗೇ ಬಂದು, ಬೈಯದೆಯೇ, "ನಿನ್ನ ಕೈಗೆ ಅಳತಿ ಇಲ್ಲೋ ಚನ್ನವೀರ. ಇನ್ನೊಮ್ಮೆ ಹಿಂಗಾದ್ರ ನಮಗ ಎತ್ತಿನ ಬಂಡೀನೇ ಛಲೋ" ಅಂದರಂತೆ.

ಈ ಮಾತನ್ನು ಚನ್ನವೀರ ಮನೆಗೆ ಬಂದು ನನಗೇ ಹೇಳಿದ. ನಾನು ಅವನಿಗೆ ಮಜ್ಜಿಗೆ ಕೊಟ್ಟೆ. ಹೇಳಬೇಕಾದ್ದನ್ನು ಬಿಟ್ಟು ಮಜ್ಜಿಗೆ ಕೊಡುವುದು ನಮ್ಮ ಮನೆಯಲ್ಲಿ ಬಹಳ ಹಳೆಯ ಪದ್ಧತಿ.

ಅವತ್ತಿನಿಂದ ಅವನು ತನ್ನ ಕೈಯನ್ನು ನಂಬುವುದು ಬಿಟ್ಟ. ನಟ್ಟು ತಿರುಗಿಸುತ್ತಾನೆ, ಮಣಿಕಟ್ಟು ನೋಡಿಕೊಳ್ಳುತ್ತಾನೆ, ಮತ್ತೆ ಸಡಿಲಿಸುತ್ತಾನೆ. ಸ್ಟೇರಿಂಗು ಹಿಡಿದಾಗಲೂ ಬೇರೆಯವರ ಸಾಮಾನು ಹಿಡಿದವನ ಹಾಗೆ ಹಿಡಿಯುತ್ತಾನೆ. ಒಂದು ಮುಂಜಾನೆ ಊಟದ ಮಣೆಯ ಮೇಲೆ ಕೂತು ಹೇಳಿದ: "ಗಾಡಿ ಬ್ಯಾರೆಯವರ ಕೈಗೆ ಕೊಟ್ಟು ನಾ ಎಲ್ಲ್ಯಾರ ಅಂಗಡ್ಯಾಗ ಕೂಡ್ತೀನಿ ಅಕ್ಕಾ. ನಾಕು ಮಂದಿ ಕೂಡಿಸಿಕೊಂಡು ಹೊಡಿಯೋ ಕೈ ಅಲ್ಲ ಇದು." ಮೋಟಾರು ಬರುವ ಮೊದಲೇ ಹಾರ್ನಿನ ಸದ್ದನ್ನು ಬಾಯಲ್ಲಿ ಮಾಡುತ್ತಾ ಅಂಗಳ ಸುತ್ತುತ್ತಿದ್ದ ತಮ್ಮ ಅವನು. ನಾನು ಇನ್ನೊಂದು ರೊಟ್ಟಿ ಹಾಕಿದೆ.

ಕೊನೆಗೆ ಒಂದು ಸಲ ನೋಡೋಣ ಎಂದು ಹೊಸ ಪಾನಾ ತರಲು ಹೊರಟ. ಬಿಗಿ ಕೂತ ನಟ್ಟು ಬಿಚ್ಚಲು ಇನ್ನೂ ಉದ್ದದ್ದು ಬೇಕು ಎಂದು ಅವನ ಲೆಕ್ಕ. ಆ ಉದ್ದ ಯಾರ ಕೈಗೆ ಬರುತ್ತದೆ ಎಂದು ನನಗೊಬ್ಬಳಿಗೇ ಗೊತ್ತು. ನನಗೂ ದಬ್ಬಣ ಕೊಳ್ಳುವುದಿದೆ ಎಂದು ಸುಳ್ಳು ಹೇಳಿ ಅವನ ಜೊತೆ ನಡೆದೇ ಸ್ಟೇಶನ್ ಬಜಾರಿಗೆ ಹೋದೆ.

ಅಲ್ಲಿ ಕಬ್ಬಿಣದ ಸಾಮಾನಿನ ಖಾಸಿಂ ಸಾಹೇಬರ ಅಂಗಡಿ. ಅವರ ಬಾಯಿ ಮುಚ್ಚುವುದು ನಮಾಜಿನ ಹೊತ್ತಿನಲ್ಲಿ ಮಾತ್ರ. "ಲಂಬಾ, ಉದ್ದಂದು ತಗೋರಿ ಚನ್ನವೀರಪ್ಪ, ಕೆಲಸ ಹಗುರ. ಇದರಾಗ ಕೋಟೆ ಬಾಗಿಲಾನೂ ಬಿಚ್ಚಬಹುದು," ಎಂದು ಒಂದು ಗದೆಯಂಥದ್ದನ್ನು ಮುಂದಿಟ್ಟರು.

"ಕೋಟೆ ಬಾಗಿಲಾ ಯಾರಿಗೆ ಬೇಕ್ರೀ, ನನಗ ಗಾಲಿ ಬಿಚ್ಚಬೇಕು."

"ವಿಲಾಯತಿಯೊಳಗ ಈಗ ಮುಳ್ಳಿನ ಪಾನಾ ಬಂದದಂತ. ಎಷ್ಟು ಬಿಗಿ ಆತು ಅಂತ ತಕ್ಕಡಿ ಹಂಗ ಮುಳ್ಳು ತೋರಸ್ತದ. ಹೈದರಾಬಾದಿಗೂ ಇನ್ನೂ ಬಂದಿಲ್ಲ. ನೀವು ಅಲ್ಲಿತನ ಇದನ್ನ ಒಯ್ಯಿರಿ."

ಮುಳ್ಳಿನ ಪಾನಾ. ಆ ಮಾತು ನನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತು. ಸಾಕು ಅನ್ನುವುದನ್ನು ಮುಳ್ಳು ತೋರಿಸುತ್ತದೆಯಂತೆ. ಅಂಥ ಮುಳ್ಳನ್ನು ಕಂಡುಹಿಡಿದವನ ಮನೆಯಲ್ಲೂ ಖಂಡಿತ ಒಬ್ಬ ಅಕ್ಕ ಇದ್ದಿರಬೇಕು. ಅದನ್ನು ಕಬ್ಬಿಣಕ್ಕೆ ಮಾತ್ರ ಯಾಕೆ ಹಚ್ಚಿದರೋ. ಬುದ್ಧಿ ಹೇಳುವ ನಾಲಿಗೆಗೆ, ಉಂಡವನಿಗೆ ಮತ್ತೆ ಬಡಿಸುವ ಸೌಟಿಗೆ, ಹೊರಟವನಿಗೆ ಮೂರು ಸಲ ಹುಷಾರು ಅನ್ನುವ ಬಾಯಿಗೆ ಒಂದೊಂದು ಮುಳ್ಳು ಕೂರಿಸಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಬೋಲ್ಟು ಉಳಿಯುತ್ತಿದ್ದವು.

ಆದರೆ ಆ ಅಂಗಡಿಯಲ್ಲಿ ಮುಳ್ಳು ಇರಲಿಲ್ಲ. ಮೂಲೆಯಲ್ಲಿ, ಬಾಯಿ ಗಾಲಿಯ ನಟ್ಟಿನ ಅಳತೆಯದೇ ಆದ, ಗೇಣುದ್ದದ ಒಂದು ಸಣ್ಣ ಪಾನಾ ಬಿದ್ದಿತ್ತು. ನಾನು ಅದನ್ನೆತ್ತಿ, ಸಾಹೇಬರ ಮಣೆಯ ಮೇಲೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಶಿಕಂಜದಲ್ಲಿ ಸಿಕ್ಕಿಸಿದ್ದ ಒಂದು ಬೋಲ್ಟಿನ ನಟ್ಟಿಗೆ ಹಚ್ಚಿ, ಸೆರಗು ಸಿಕ್ಕಿಸಿಕೊಂಡು, ನನ್ನ ಶಕ್ತಿಯನ್ನೆಲ್ಲ ಬಿಟ್ಟು ಎಳೆದೆ. ಆಮೇಲೆ ಚನ್ನವೀರನಿಗೆ, "ಈಗ ನೀ ಬಿಚ್ಚು" ಅಂದೆ. ಅವನು ಎಡಗೈಯಲ್ಲಿ ಬಿಚ್ಚಿದ.

"ಇದಾ ಇರ್ಲಿ," ಅಂದೆ.

"ಅಕ್ಕಾರ, ಅದು ಸೈಕಲ್ಲಿಗೆ ಆಗ್ತದ," ಎಂದರು ಸಾಹೇಬರು.

ಚನ್ನವೀರ ನನ್ನ ಮುಖ ನೋಡುತ್ತಿದ್ದ. "ಗಾಲಿ ಬಿಗಿ ಮಾಡಾಂವ ನಾ. ನೀ ಯಾಕ ಎಳದು ನೋಡಾಕತ್ತಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಅಂಗಡಿಯಲ್ಲಿ ಮಜ್ಜಿಗೆ ಇರಲಿಲ್ಲ. "ನೀ ಪೂಜಿಗೆ ಕೂತಾಗ ದಿನಾ ನಾನೂ ಎಳೀತಿದ್ದೆ ಚನ್ನ್ಯಾ. ದೇವರದೊಂದು. ನಿನ್ನ ಕೈಗೆ ಅಳತಿ ಅದ. ಇಲ್ಲದ್ದು ನನಗ."

ಅವನು ಎಡಗೈಯಲ್ಲಿದ್ದ ಪಾನಾ ಮಣೆಯ ಮೇಲಿಟ್ಟ. ಖಾಸಿಂ ಸಾಹೇಬರ ಬಾಯಿ ಮುಚ್ಚಿತು, ಅದು ನಮಾಜಿನ ಹೊತ್ತೂ ಆಗಿರಲಿಲ್ಲ. ಚನ್ನವೀರ, "ದೇವರದೊಂದು ನಾ ಮೊದಲಾ ಎಳದಿರ್ತೀನಲ್ಲ. ನಾನೂ ಅದಾ ಅವ್ವನ ಮಗ. ಒಂದು ನಟ್ಟಿಗೆ ಎಷ್ಟು ಮಂದಿ ದೇವರು ಬೇಕ ನಿನಗ?" ಅಂದ. ಆಮೇಲೆ ದನಿ ತಗ್ಗಿಸಿ, "ಇಷ್ಟು ದಿನ ನಾ ನನ್ನ ಕೈ ಬೈಕೊಂಡೆನಲ್ಲ ಅಕ್ಕಾ, ನೀ ನೋಡಕೋತ ಕೂತಿದ್ದಿ," ಅಂದ. ಹೆದರಿಕೆಯಿಂದ ಮಾಡಿದೆ ಎಂದರೆ ಎಳೆದದ್ದಕ್ಕೆ ಕಾರಣ ಸಿಗುತ್ತದೆ, ಸುಮ್ಮನಿದ್ದದ್ದಕ್ಕೆ ಸಿಗುವುದಿಲ್ಲ.

ಗೇಣುದ್ದದ ಪಾನಾವನ್ನೇ ತಂದೆವು. ಅವತ್ತೇ ಸಂಜೆ ಚನ್ನವೀರ ಕಚ್ಚಿ ಕೂತ ನಟ್ಟುಗಳನ್ನು ಹಳಿಯ ಪಾನಾದಿಂದ ಕೊನೆಯ ಸಲ ಸಡಿಲಿಸಿದ. ಮನೆಯಲ್ಲಿ ಮೋಟಾರು ಇಟ್ಟುಕೊಂಡವರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ನಟ್ಟಿನ ಅಳತೆ ನೋಡಿರಿ, ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು ಎಂದು ನೋಡಿರಿ, ಅವರು ಜೋತುಬಿದ್ದರೂ ಬೋಲ್ಟು ಮುರಿಯದಷ್ಟು ಗಿಡ್ಡದನ್ನು ಆರಿಸಿರಿ. ಸೀಟಿನ ಕೆಳಗೆ ಜಾಗವೂ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಅವನು ಪೂಜೆಗೆ ಕೂತಾಗ ನಾನು ಎರಡೂ ಕೈಯನ್ನು ಹಿಟ್ಟಿನಲ್ಲಿ ಇಟ್ಟುಕೊಂಡೆ. ಬೇಕಾದದ್ದಕ್ಕಿಂತ ಹೆಚ್ಚು ಹಿಟ್ಟು ನಾದಿದೆ ಎಂದು ಆಮೇಲೆ ಗೊತ್ತಾಯಿತು. ಅವನು ಎದ್ದು ಬಂದು, "ಕೈ ತೊಳಕೋ. ಇವತ್ತ ನೀನೂ ಬಾ" ಅಂದ. ಮನೆಗೆ ಮೋಟಾರು ಬಂದಂದಿನಿಂದ ನಾನು ಅದರಲ್ಲಿ ಕೂತವಳಲ್ಲ. ಬಿಗಿ ಮಾಡುವುದೇ ನನ್ನ ಪಾಲಿನ ಸವಾರಿಯಾಗಿತ್ತು.

ಊರು ದಾಟಿ ಎರೆ ಹೊಲಗಳು ಮುಗಿದು, ಕಮಲಾಪುರದ ಕೆಂಪು ನೆಲ ಶುರುವಾಗುವ ತನಕ ನಾನು ಗಾಲಿಗಳ ಸದ್ದನ್ನೇ ಕೇಳುತ್ತಿದ್ದೆ. ಒಳಗೆ ಕೂತರೆ ಮೋಟಾರು ಪೂರ್ತಿ ಗಡಗಡ. ಯಾವ ಸದ್ದು ಸರಿ, ಯಾವುದು ತಪ್ಪು ಎಂದು ತಿಳಿಯುವುದೇ ಇಲ್ಲ. ಚನ್ನವೀರನಿಗೆ ತಿಳಿಯುತ್ತಿತ್ತು. ಅವನ ಕೈ ಸ್ಟೇರಿಂಗಿನ ಮೇಲೆ ಹಗುರವಾಗಿ ಇತ್ತು, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ. ಗಟ್ಟಿಯಾಗಿ ಹಿಡಿಯೋ ಎಂಬ ಮಾತು ಗಂಟಲ ತನಕ ಬಂತು. ನುಂಗಿದೆ.

ಕಮಲಾಪುರದ ಬಾಳೆತೋಟದ ಬಾಗಿಲಲ್ಲಿ ಭೀಮಶಾ ನಿಂತಿದ್ದರು. ಗೊನೆ ಏರಿಸುವ ಮೊದಲು ಗಾಲಿ ತೋರಿಸಿ, "ಒಂದು ನಟ್ಟು ಬಿಚ್ಚಿ ತೋರಸು" ಅಂದರು. ಚನ್ನವೀರ ಗೇಣುದ್ದದ ಪಾನಾ ತೆಗೆದ. ಸಾಹುಕಾರರು ಅದನ್ನು ನೋಡಿ ನಕ್ಕರು. ನಟ್ಟು ಬಿಚ್ಚಿತು, ಮತ್ತೆ ಕೂತಿತು.

"ಯಾರು ಬಿಗಿ ಮಾಡ್ಯಾರ ಇವತ್ತ?"

"ನಾನಾ," ಅಂದ ಚನ್ನವೀರ. ಆ ಮಾತು ಎಷ್ಟೋ ದಿನಗಳ ಮೇಲೆ ಪೂರ್ತಿ ನಿಜವಾಗಿತ್ತು.

"ಏರಸ್ರೋ ಗೊನಿ," ಎಂದು ಭೀಮಶಾ ಆಳುಗಳಿಗೆ ಕೂಗಿ, ಆಮೇಲೆ ನನ್ನ ಕಡೆ ನೋಡಿ, "ಅಕ್ಕಾರು ಯಾಕ ಇಳೀವಲ್ರು?" ಅಂದರು.

ಇಳಿಯಬೇಕೆಂದೇ ಇದ್ದೆ. ಆದರೆ ಬ್ರಹ್ಮಪುರದಿಂದ ಅಲ್ಲಿಯ ತನಕ ನನ್ನ ಎರಡೂ ಕೈ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದುಕೊಂಡಿದ್ದವು, ಬೆರಳು ಮರಗಟ್ಟಿ ನನ್ನ ಮಾತು ಕೇಳುತ್ತಿರಲಿಲ್ಲ. ಚನ್ನವೀರ ಸುತ್ತಿ ಬಂದು ಬಾಗಿಲು ತೆಗೆದ. ಬೈಯುತ್ತಾನೆ ಅಂದುಕೊಂಡೆ. ಅವನು ಒಂದೊಂದೇ ಬೆರಳು ಹಿಡಿದು, ಜೋರು ಮಾಡದೆ, ಮೆಲ್ಲಗೆ ಬಿಡಿಸಿದ.

"ಬಿಡು ಅಕ್ಕಾ," ಅಂದ. "ಬಂದೀವಿ."