ತೂಕಡಿಸಿದ ತರಗತಿ

ಗೆಳೆಯರೇ, ಇವತ್ತು ಮಧ್ಯಾಹ್ನ ಪಾಠದ ನಡುವೆಯೇ ನಾನು ಕೃಷ್ಣೆಯಲ್ಲಿ ಅಂಗಾತ ತೇಲುತ್ತಿದ್ದೆ. ಸಾಂಗ್ಲಿಯ ಹೊಸ ಆಫೀಸು ಕಟ್ಟಡವೊಂದರಲ್ಲಿ ನಮಗೆ ತರಬೇತಿ. ಕಡಿಮೆ ಕರೆಂಟಿನಲ್ಲಿ ದೊಡ್ಡ ಕಟ್ಟಡಗಳನ್ನು ನಡೆಸುವುದು ಹೇಗೆಂದು. ಎ.ಸಿ.ಯ ತಂಪು ಸೋರಬಾರದೆಂದು ಸರ್ ಕಿಟಕಿ, ಗಾಳಿಕಿಂಡಿ ಎಲ್ಲ ಮುಚ್ಚಿಸಿದ್ದರು. ನನ್ನಂಥ ಎಲೆಕ್ಟ್ರಿಷಿಯನ್ನರು, ಗಾರೆ ಕೆಲಸದ ಹೆಂಗಸರು, ಎಲ್ಲರೂ ಅವರವರ ಕನಸಿನೊಳಗೆ ಮೆಲ್ಲಗೆ ಇಳಿಯುತ್ತಿದ್ದೆವು.

ಸರ್ ಮೇಜು ಕುಟ್ಟಿದರು. “ಕೂಲಿ ಮಂದಿ ಬರೂದಾ ಮಲಗಾಕ! ನಾಳಿಂದ ಯಾರೂ ಬರಬ್ಯಾಡ್ರಿ.”

ಗಾರೆ ಕೆಲಸದ ಗಂಗವ್ವ ಎದ್ದು ನಿಂತರು. “ಸರ, ನಿದ್ದಿ ನಮ್ಮದಲ್ರಿ, ಕಿಟಕಿ ಮುಚ್ಚಿದ ಈ ಖೋಲೀದು. ಅರಿಷಿಣ ತುಂಬಿಡೂ ನೆಲದಾಗಿನ ಹಗೇವಿಗೆ ಇಳಿಯೂ ಮೊದ್ಲ ನಮ್ಮಪ್ಪ ಕಂದೀಲ ಇಳಿಬಿಡತಿದ್ದ. ಅದು ಆರಿದ್ರ ಒಳಗ ಗಾಳಿ ಕೆಟ್ಟೈತಿ ಅಂತ ತಿಳೀತಿದ್ದ. ಇಲ್ಲಿ ನಾವ ಕಂದೀಲ ಆಗೇವ್ರಿ.”

ಬೈಯಲು ಸರ್ ಬಾಯಿ ತೆರೆದರು. ಬಂದದ್ದು ಉದ್ದನೆಯ ಆಕಳಿಕೆ.

ಗಂಗವ್ವ ಕಿಟಕಿ ತೆರೆದರು. ಹತ್ತಿರದ ಅರಿಶಿನ ಪೇಟೆಯ ವಾಸನೆ ಹೊತ್ತ ಗಾಳಿ ತೇಲಿ ಬಂತು. ಒಬ್ಬೊಬ್ಬರಾಗಿ ನಾವು ಕಂದೀಲಿನಂತೆ ಮತ್ತೆ ಹೊತ್ತಿಕೊಂಡೆವು.

ನಾಳೆಯಿಂದ ಕಿಟಕಿ ತೆರೆದೇ ಪಾಠವಂತೆ. ಇನ್ನು ತೂಕಡಿಸಿದರೆ ತಪ್ಪು ನಮ್ಮದೇ.