ಮಂತ್ರಿಗಳ ‘ವಿಲೀನ’ ಮತ್ತು ಕೈಯಕ್ಕನ ಸನ್ನೆ

ಬೀದಿದೀಪಗಳಿನ್ನೂ ಆರಿಲ್ಲ. ಅಡುಗೆಮನೆಯ ಕಟ್ಟೆಗೊರಗಿ ನಿಂತ ಕೈಯಕ್ಕ, ಇಂದಿನ ಸಭೆಯಲ್ಲಿ ಮಂತ್ರಿಯೊಬ್ಬರು ಓದಲಿರುವ ಭಾಷಣದ ಪ್ರತಿ ನೋಡುತ್ತಾ ಕೈ ಆಡಿಸುತ್ತಿದ್ದಾರೆ. ಎದುರಿಗೆ ಟೀ ಲೋಟ ಹಿಡಿದು ಕೂತವರು ಅವರ ಅಣ್ಣ. ದರ್ಜಿ, ಹುಟ್ಟಿನಿಂದ ಕಿವಿ ಕೇಳಿಸದು. ಅಣ್ಣ ಹುಬ್ಬು ಗಂಟಿಕ್ಕಿದರೆ ಅದೇ ವಾಕ್ಯ ಮತ್ತೊಮ್ಮೆ. ತಲೆಯಾಡಿಸಿದರೆ ಮಾತ್ರ ಮುಂದಿನದು.

“ಇವನಿಗೆ ಅರ್ಥ ಆಗ್ಲಿಲ್ಲ ಅಂದ್ರೆ, ಭಾಷಣದಲ್ಲೇ ಏನೋ ಬಚ್ಚಿಟ್ಟಿದಾರೆ ಅಂತ ಲೆಕ್ಕ” ಎಂದು ಕೈಯಕ್ಕ ನಗುತ್ತಾರೆ.

ಸರ್ಕಾರಿ ಸಭೆಗಳಲ್ಲಿ ವೇದಿಕೆಯ ಅಂಚಿಗೆ ನಿಂತು, ಕಿವುಡರಿಗಾಗಿ ಮಾತನ್ನು ಸನ್ನೆ ಭಾಷೆಗೆ ತರುವುದು ಅವರ ಕೆಲಸ. ಕಿವುಡರು ಸನ್ನೆಯಲ್ಲಿ ಕೇಳಿದ ಪ್ರಶ್ನೆಯನ್ನು ಮೈಕಿನಲ್ಲಿ ಹೇಳುವುದೂ ಅವರೇ. ಕಿವುಡ ಮಕ್ಕಳ ಶಾಲೆಯ ಹುಡುಗಿಯರು ಇಟ್ಟ ಹೆಸರು ಕೈಯಕ್ಕ. ಆಮಂತ್ರಣ ಪತ್ರಿಕೆಯಲ್ಲಂತೂ ಅವರ ಯಾವ ಹೆಸರೂ ಇರುವುದಿಲ್ಲ. “ಸ್ಟೇಜಲ್ಲಿ ಹೂಕುಂಡಕ್ಕೂ ಜಾಗ ಗುರುತು ಮಾಡಿರ್ತಾರೆ. ನನಗೆ ಮಾತ್ರ, ಮೇಡಂ ಸ್ವಲ್ಪ ಆ ಕಡೆ ಹೋಗಿ!”

ಸನ್ನೆ ಅವರಿಗೆ ಮಾತಿಗಿಂತ ಮೊದಲೇ ಬಂತು. ಅಪ್ಪನಿಗೆ ಅದು ನಾಚಿಕೆ. ಬೀದಿಯಲ್ಲಿ ಕೈ ಆಡಿಸಿದರೆ ಗದರುತ್ತಿದ್ದರು. ಅದೇ ಅಪ್ಪ ಆಸ್ಪತ್ರೆಯ ಹಾಸಿಗೆ ಹಿಡಿದಾಗ ವೈದ್ಯರು “ಪರಿಸ್ಥಿತಿ ಗಂಭೀರ” ಅಂದರು. “ಅಣ್ಣ ನನ್ನ ಭುಜ ಹಿಡಿದು ಕೇಳ್ದ, ಬದುಕ್ತಾರಾ ಇಲ್ವಾ? ನಾನೂ ಡಾಕ್ಟರನ್ನ ಹಂಗೇ ಕೇಳ್ದೆ. ಇಲ್ಲಮ್ಮ ಅಂದ್ರು. ಆಮೇಲೆ ಇಬ್ರೂ ಅಪ್ಪನ ಪಕ್ಕ ಹೋಗಿ ಕೂತ್ವಿ. ಹಂಗೆ ಕೇಳದೇ ಇದ್ದಿದ್ರೆ ಔಷಧಿ ಅಂಗಡಿ ಮುಂದೆ ಓಡಾಡ್ತಾ ಇರ್ತಿದ್ವಿ.”

ಕಳೆದ ವರ್ಷ ಅವರ ಕೆಲಸಕ್ಕೇ ಕುತ್ತು ಬಂತು. ಶಿಕ್ಷಣ ಮಂತ್ರಿಗಳು ತುಂಬಿದ ಸಭಾಂಗಣದಲ್ಲಿ ಘೋಷಿಸಿದರು: “ಶ್ರವಣದೋಷವುಳ್ಳ ಮಕ್ಕಳ ಶಾಲೆಯು ಪಕ್ಕದ ದೊಡ್ಡ ಶಾಲೆಯೊಂದಿಗೆ ವಿಲೀನಗೊಂಡು ಸಬಲವಾಗಲಿದೆ. ಕಟ್ಟಡ ಸದ್ಬಳಕೆಯಾಗಲಿದೆ.” ಕಿವಿ ಕೇಳುವವರು ಕೂತಿದ್ದ ಹಿಂದಿನ ಸಾಲುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ.

“ಬಾಯಲ್ಲಿ ವಿಲೀನ ಅಂದು ಸುಮ್ನಾಗಬಹುದು. ಸನ್ನೇಲಿ ಯಾರು ಎಲ್ಲಿಂದ ಎಲ್ಲಿಗೆ ಅಂತ ತೋರಿಸ್ಲೇಬೇಕು” ಎನ್ನುತ್ತಾರೆ ಕೈಯಕ್ಕ. ಅವರು ತೋರಿಸಿದರು: ಈ ಶಾಲೆಯ ಮಕ್ಕಳು ಆ ಶಾಲೆಗೆ. ಖಾಲಿಯಾದ ಈ ಕಟ್ಟಡ ಬೇರೆಯವರ ಬಳಕೆಗೆ.

ಮುಂದಿನ ಸಾಲಿನ ಕಿವುಡ ತಂದೆತಾಯಂದಿರು ಎದ್ದು ನಿಂತರು. ಇಸ್ತ್ರಿ ಅಂಗಡಿ ನಡೆಸುವ ತಾಯಿಯೊಬ್ಬರು ವೇದಿಕೆಯ ಹತ್ತಿರ ಬಂದು ರಭಸದಿಂದ ಸನ್ನೆ ಮಾಡಿದರು. ಕೈಯಕ್ಕ ಮೈಕು ಎತ್ತಿಕೊಂಡರು. “ಈ ತಾಯಿ ಕೇಳ್ತಿದಾರೆ: ನಮ್ಮ ಶಾಲೆ ಮುಚ್ತೀರಾ?”

“ಮುಚ್ಚೋದಲ್ಲಮ್ಮ, ವಿಲೀನ” ಎಂದರು ಮಂತ್ರಿ.

ತಾಯಿಯ ಕೈಗಳು ಮತ್ತೆ ಆಡಿದವು. ಕೈಯಕ್ಕನ ದನಿ ಮೈಕಿನಲ್ಲಿ ಕೇಳಿಸಿತು: “ಅಲ್ಲಿ ನನ್ನ ಮಗಳ ಜೊತೆ ಸನ್ನೇಲಿ ಮಾತಾಡೋ ಟೀಚರ್ ಇದಾರಾ?”

ಮಂತ್ರಿ ಪಕ್ಕದಲ್ಲಿದ್ದ ಅಧಿಕಾರಿಯತ್ತ ನೋಡಿದರು. ಅಧಿಕಾರಿ ಕಾಗದದತ್ತ ನೋಡಿದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು: “ಅಂದ್ರೆ ಮುಚ್ತಾರಾ?” ಚಪ್ಪಾಳೆ ತಟ್ಟಿದವರೇ ಈಗ ಉತ್ತರ ಕೇಳತೊಡಗಿದರು.

ಸಭೆ ಮುಗಿದ ಮೇಲೆ ಮಂತ್ರಿಗಳ ಆಪ್ತ ಸಹಾಯಕರು ಕೈಯಕ್ಕನನ್ನು ಬಾಗಿಲಲ್ಲೇ ತಡೆದರು. “ಸಾಹೇಬರು ಹೇಳದೇ ಇರೋದನ್ನ ನೀವು ಹೇಳಿದ್ರಿ.”

“ಯಾವುದು ಹೇಳಿಲ್ಲ ಅಂತ ತೋರಿಸಿ ಸರ್. ಮಕ್ಕಳು ಅಲ್ಲಿಗೆ ಹೋಗಲ್ವಾ? ಕಟ್ಟಡ ಬೇರೆಯವರಿಗೆ ಕೊಡಲ್ವಾ?”

ಅಂದಿನಿಂದ ಸಭೆಗಳಿಗೆ ಕರೆ ಬರುವುದು ನಿಂತಿತು. ಬೇಸಿಗೆಯಿಡೀ ಅಣ್ಣನ ಅಂಗಡಿಯಲ್ಲಿ ಗುಂಡಿ ಹೊಲಿದರು. “ಭಯ ಆಗಿತ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕ್ಷಮೆ ಕೇಳೋಕೆ ಮಾತ್ರ ಹೋಗ್ಲಿಲ್ಲ.” ಅತ್ತ ಇಸ್ತ್ರಿ ಅಂಗಡಿಯ ತಾಯಿ ಇತರ ಪೋಷಕರನ್ನು ಸೇರಿಸಿಕೊಂಡು ಶಾಲೆಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಕೊನೆಗೆ ವಿಲೀನದ ಆದೇಶವನ್ನು ‘ತಡೆಹಿಡಿಯಲಾಗಿದೆ’ ಎಂದು ಪ್ರಕಟಿಸಲು ಮಂತ್ರಿಗಳು ಸಭೆ ಕರೆದರು. ಪೋಷಕರು ಪಟ್ಟು ಹಿಡಿದರು: ಕೈಯಕ್ಕ ಬಂದರಷ್ಟೇ ನಾವು ಬರೋದು. ಕೈಯಕ್ಕ ಬಂದರು.

‘ತಡೆಹಿಡಿಯಲಾಗಿದೆ’ಗೆ ಯಾವ ಸನ್ನೆ ಮಾಡಿದಿರಿ ಎಂದು ಕೇಳಿದೆ.

“ಇವತ್ತು ಮುಚ್ಚಲ್ಲ. ನಾಳೆದು ಹೇಳಿಲ್ಲ. ಅಷ್ಟೇ ತಾನೇ ಅವರು ಅಂದಿದ್ದು?”

ಶಾಲೆ ಇನ್ನೂ ನಡೆಯುತ್ತಿದೆ. ಪೋಷಕರೂ ಮೈಮರೆತಿಲ್ಲ.

ಟೀ ಮುಗಿಸಿದ ಅಣ್ಣ ಅಂಗಡಿಗೆ ಹೊರಟಿದ್ದಾರೆ. ಬೆರಳು ಚೆನ್ನಾಗಿ ಕಾಣಲೆಂದು ಕೈಯಕ್ಕ ಕಡುಗಪ್ಪು ಅಂಗಿ ತೊಟ್ಟು ಬರುತ್ತಾರೆ. ನಿಮಗೊಂದು ಆಸೆ ಅಂತ ಇದ್ದರೆ ಏನು ಅಂತ ಕೇಳಿದರೆ, ಚಪ್ಪಲಿ ಮೆಟ್ಟುತ್ತಲೇ ಹೇಳುತ್ತಾರೆ:

“ಒಂದೇ ಒಂದು ಸಲ ಯಾರಾದ್ರೂ ಸ್ಟೇಜ್ ಮೇಲೆ ‘ಮುಚ್ತೀವಿ’ ಅಂತ ನೇರವಾಗಿ ಹೇಳ್ಲಿ. ನನಗೂ ಕೆಲಸ ಹಗುರ. ಜನಕ್ಕೂ ಜಗಳ ಆಡೋಕೆ ಸಲೀಸು.”