ಜಗಲಿಯ ಲೈಟಿಗೆ ತಂದ ಅಡಾಪ್ಟರ್

ನೋಡ್ರಿ, ಇವತ್ತು ಬೆಟಗೇರಿಯ ಅಂಗಡಿಯವನ ಜೊತೆ ನನ್ನ ಜಗಳ ಆತು. ದೇವರ ಜಗಲಿಗೆ ಎಲ್‌ಇಡಿ ಲೈಟಿನ ಉದ್ದನೆ ಪಟ್ಟಿ ತಗೊಂಡಿದ್ದೆ. ಅದಕ್ಕೊಂದು ಸಣ್ಣ ಅಡಾಪ್ಟರ್ ಕೊಟ್ಟು, "ಇಷ್ಟು ಸಾಕ್ರಿ ಅಕ್ಕಾರ" ಅಂದ.

"ಹಂಗಾದ್ರ ಇಲ್ಲೇ ಹಚ್ಚಿ ಇಡಪಾ, ಅಲ್ಲೀತನಕ ನಾ ಜಪಾ ಮುಗಸ್ತೇನಿ" ಅಂತ ಸ್ಟೂಲಿನ ಮೇಲೆ ಕುಂತು ರುದ್ರಾಕ್ಷಿ ಮಾಲಿ ತೆಗೆದೆ. ಗಿರಾಕಿಗಳು ನಕ್ಕರು, ನಗಲಿ. ಜಪ ಮುಗಿಸಿ ಅಡಾಪ್ಟರ್ ಮುಟ್ಟಿದರೆ ರೊಟ್ಟಿ ಹಂಚಿನಂಗ ಕಾದಿತ್ತು.

"ನೀನೂ ಮುಟ್ಟಿ ನೋಡು ತಮ್ಮಾ."

ಅವನು ಮುಟ್ಟಲಿಲ್ಲ. "ದೇವರ ಕೆಲಸಕ್ಕ ಏನೂ ಆಗಂಗಿಲ್ರಿ" ಅಂದ.

"ನಮ್ಮ ಜಗಲಿ ಕಟಗೀದೈತಿ. ದೊಡ್ಡ ಅಡಾಪ್ಟರ್ ಕೊಡು, ಇಲ್ಲಾಂದ್ರ ಮತ್ತ ಜಪಕ್ಕ ಕುಂಡ್ರತೇನಿ."

ತೆಗೆದು ಕೊಟ್ಟ.

ದೇವರು ಕಾಯ್ತಾನ, ಖರೆ. ಹಂಗಂತ ಅವನ ಬುಡಕ್ಕೇ ಬೆಂಕಿ ಇಟ್ಟು ಕಾಯಪ್ಪಾ ಅನ್ನಾಕ ಆಕ್ಕೇತೇನ್ರಿ?